ಅಂಕದ ಪಕ್ಕದ ಇನ್ನೊಂದು ಅಳತೆ: ನಮ್ಮ ಸೀಮೆಯ ಕಾಲೇಜು ಪ್ರವೇಶದ ಕಥೆ

ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಕೂಡಲೇ ಅತನೂರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಎಷ್ಟು ಪರ್ಸೆಂಟ್ ಆಯ್ತು?’ ನೆರೆಯವರು ಕೇಳುತ್ತಾರೆ, ಮಸೀದಿಯ ಅಂಗಳದಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ತೊಂಬತ್ತು ಎಂದರೆ ‘ಡಾಕ್ಟರ್ ಆಗ್ತಾನೆ’ ಎನ್ನುತ್ತಾರೆ. ಅರವತ್ತು ಎಂದರೆ ಸುಮ್ಮನಾಗುತ್ತಾರೆ. ಎರಡು ತಿಂಗಳ ನಂತರ ತೊಂಬತ್ತರವನಿಗೆ ಸೀಟು ಸಿಗದೆ, ಎಂಬತ್ತರವನಿಗೆ ಸಿಕ್ಕಾಗ ಊರಿಗೆ ಊರೇ ಬೆರಗಾಗುತ್ತದೆ. ಹಣ ಕೊಟ್ಟಿರಬೇಕು ಎಂದು ಕೆಲವರು, ವಶೀಲಿ ಇರಬೇಕು ಎಂದು ಕೆಲವರು. ಬಹಳ ಸಲ ಎರಡೂ ಇರುವುದಿಲ್ಲ. ಇರುವುದು ನಿಯಮ ಮಾತ್ರ.

ಕಳೆದ ನೂರು ವರ್ಷಗಳ ಇತಿಹಾಸವನ್ನು ತಿರುವಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಮ್ಮ ಸೀಮೆಯಲ್ಲಿ ಕಾಲೇಜಿನ ಬಾಗಿಲು ಕೇವಲ ಅಂಕದಿಂದ ತೆರೆದ ಕಾಲವೇ ಅಪರೂಪ. ಅಂಕದ ಪಕ್ಕದಲ್ಲಿ ಇನ್ನೊಂದು ಅಳತೆ ಸದಾ ನಿಂತಿತ್ತು. ಒಮ್ಮೆ ಅದು ಭಾಷೆ, ಒಮ್ಮೆ ಸಂದರ್ಶನ, ಒಮ್ಮೆ ಹಣ, ಆಮೇಲೆ ಪ್ರವೇಶ ಪರೀಕ್ಷೆ, ಈಗ ಪರೀಕ್ಷೆಯ ಜೊತೆಗೆ ಪ್ರಮಾಣಪತ್ರ. ನಮ್ಮ ಮಕ್ಕಳು ಅಂಕದಲ್ಲಿ ಸೋತದ್ದಕ್ಕಿಂತ ಈ ಎರಡನೆಯ ಅಳತೆಯಲ್ಲಿ ಸೋತದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಭಾಷೆಯ ಮಾತು. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉನ್ನತ ಶಿಕ್ಷಣ ಬೇಕೆಂದವರು ಹೈದರಾಬಾದಿಗೇ ಮುಖ ಮಾಡಬೇಕಿತ್ತು. ಅಲ್ಲಿ ಎರಡು ದಾರಿಗಳಿದ್ದವು. ಒಂದು, 1887ರಲ್ಲಿ ಆರಂಭವಾದ ನಿಜಾಮ್ ಕಾಲೇಜು. ಅದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಇನ್ನೊಂದು, ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಂತೆ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಕೀಯ, ಕಾನೂನು ಎಲ್ಲವನ್ನೂ ಕಲಿಸಲು ಹೊರಟ ವಿಶ್ವವಿದ್ಯಾಲಯ ಅದು. ಪಠ್ಯಪುಸ್ತಕಗಳಿಗಾಗಿ ದಾರುಲ್ ತರ್ಜುಮಾ ಎಂಬ ಅನುವಾದ ಇಲಾಖೆಯನ್ನೇ ತೆರೆಯಲಾಯಿತು. ಇಂಗ್ಲಿಷು ಕಡ್ಡಾಯ ವಿಷಯವಾಗಿತ್ತು, ಆದರೆ ಕಲಿಕೆಯ ಮಾಧ್ಯಮ ಉರ್ದು. ಗುಲ್ಬರ್ಗದಲ್ಲಿ ಅದರದೇ ಇಂಟರ್‌ಮೀಡಿಯೆಟ್ ಕಾಲೇಜು ಬಂದ ಮೇಲೆ ಭೀಮಾ ತೀರದ ಹುಡುಗನಿಗೆ ಕನಿಷ್ಠ ಎರಡು ವರ್ಷದ ಓದು ಹತ್ತಿರದಲ್ಲೇ ದೊರೆಯುವಂತಾಯಿತು.

ಈ ಪ್ರಯೋಗದ ಬಗ್ಗೆ ನಮ್ಮ ಹಿರಿಯರು ಹೆಮ್ಮೆಯಿಂದ ಮಾತಾಡುತ್ತಿದ್ದರು. ಹೆಮ್ಮೆಪಡುವಂಥದ್ದೇ. ಆದರೆ ಇತಿಹಾಸ ಬರೆಯುವವರು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮನೆಯಲ್ಲಿ ದಖನಿ ಮಾತಾಡುವ ಹುಡುಗನಿಗೆ ಉರ್ದು ಮೆಟ್ರಿಕ್ ಏರಬಹುದಾದ ಮೆಟ್ಟಿಲು. ಅದೇ ಓಣಿಯ ಕನ್ನಡ ಮನೆಯ ಹುಡುಗನಿಗೆ ಅದು ಗೋಡೆ. ಇಬ್ಬರ ಬುದ್ಧಿ ಒಂದೇ ಇದ್ದರೂ ಪರೀಕ್ಷೆ ಒಬ್ಬನ ಭಾಷೆಯಲ್ಲಿತ್ತು. ಈ ಭಾಗದ ಕನ್ನಡಿಗರು ತಮ್ಮ ನೆಲದಲ್ಲೇ ಪರಭಾಷೆಯಲ್ಲಿ ಓದಬೇಕಾಯಿತು ಎಂದು ದೂರುವುದು ಸುಳ್ಳಲ್ಲ.

1948ರ ಸೆಪ್ಟೆಂಬರ್ ನಂತರ ಇದೇ ಗೋಡೆ ತಿರುಗಿ ನಮ್ಮ ಮುಂದೆ ನಿಂತಿತು. ಉಸ್ಮಾನಿಯಾದಲ್ಲಿ ಮಾಧ್ಯಮ ಇಂಗ್ಲಿಷಿಗೆ ಬದಲಾಯಿತು. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಹೋದವು. ಉರ್ದುವಿನಲ್ಲಿ ಲೆಕ್ಕ ಕಲಿತವನಿಗೆ ಕಚೇರಿಯ ಭಾಷೆ ಕನ್ನಡವಾಯಿತು, ಕಾಲೇಜಿನ ಭಾಷೆ ಇಂಗ್ಲಿಷಾಯಿತು. ಎಂಟು ವರ್ಷದೊಳಗೆ ಒಂದು ತಲೆಮಾರಿನ ಸರ್ಟಿಫಿಕೇಟುಗಳ ಬೆಲೆ ಬದಲಾಗಿಬಿಟ್ಟಿತು. ಹಲವು ಕುಟುಂಬಗಳಲ್ಲಿ ‘ಓದಿ ಏನು ಫಾಯಿದೆ’ ಎಂಬ ಮಾತು ಬೇರೂರಿದ್ದು ಈ ಕಾಲದಲ್ಲೇ ಎಂದು ನನಗನ್ನಿಸುತ್ತದೆ. ಅದು ಸೋಮಾರಿತನದ ಮಾತಲ್ಲ, ಪೆಟ್ಟು ತಿಂದವರ ಮಾತು.

ಹೊಸ ರಾಜ್ಯದಲ್ಲಿ ಪ್ರವೇಶದ ಲೆಕ್ಕಾಚಾರವೇ ಬೇರೆಯಾಗಿತ್ತು. ಹಳೆಯ ಮೈಸೂರಿನಲ್ಲಿ ಹಿಂದುಳಿದವರಿಗೆ ಅವಕಾಶ ಕೊಡಬೇಕೆಂಬ ಚರ್ಚೆ 1918ರಷ್ಟು ಹಿಂದೆಯೇ ಶುರುವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಆ ಪರಂಪರೆಯ ಮುಂದುವರಿಕೆಯಾಗಿ 1960ರಲ್ಲಿ ಡಾ. ಆರ್. ನಾಗನಗೌಡ ಸಮಿತಿ ರಚನೆಯಾಯಿತು. ಹಿಂದುಳಿದಿರುವಿಕೆಯನ್ನು ಅಳೆಯಲು ಸಮಿತಿ ಹಿಡಿದ ಮಾನದಂಡ ಗಮನಿಸತಕ್ಕದ್ದು. ಪ್ರತಿ ಸಮುದಾಯದ ಸಾವಿರ ಜನರಲ್ಲಿ ಎಷ್ಟು ಮಕ್ಕಳು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿದ್ದಾರೆ ಎಂದು ಎಣಿಸಲಾಯಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9. ಏಳು ಮಕ್ಕಳು ಕೂಡ ಇಲ್ಲ! ಕಾಲೇಜಿನ ಸೀಟಿಗಾಗಿ ನಡೆದ ದೊಡ್ಡ ಜಗಳವೆಲ್ಲ ಈ ಸಾವಿರಕ್ಕೆ ಏಳರೊಳಗೇ ನಡೆದದ್ದು.

1962ರ ಜುಲೈ 31ರ ಸರ್ಕಾರಿ ಆದೇಶದಂತೆ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3, ಒಟ್ಟು ಶೇ. 68 ಸೀಟುಗಳು ಮೀಸಲಾದವು. ಸೀಟು ಸಿಗದ ಕೆಲವು ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಎಂ.ಆರ್. ಬಾಲಾಜಿ ಪ್ರಕರಣವೆಂದು ಪ್ರಸಿದ್ಧವಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಆದೇಶವನ್ನು ರದ್ದುಪಡಿಸಿದರು; ಮೀಸಲಾತಿ ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು, ಜಾತಿಯೊಂದನ್ನೇ ಹಿಂದುಳಿದಿರುವಿಕೆಯ ಅಳತೆಗೋಲು ಮಾಡಬಾರದು ಎಂದರು. ಇಂದು ದೇಶವೆಲ್ಲ ಮಾತಾಡುವ ಶೇ. 50ರ ಮಿತಿ ಹುಟ್ಟಿದ್ದು ಮೈಸೂರು ರಾಜ್ಯದ ಕಾಲೇಜು ಸೀಟಿನ ಜಗಳದಿಂದ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಬಾಲಾಜಿ ತೀರ್ಪನ್ನು ವಕೀಲರೂ ರಾಜಕಾರಣಿಗಳೂ ಚೆನ್ನಾಗಿ ಬಲ್ಲರು. ಅದರ ಬೆನ್ನಿಗೇ ಬಂದ ಇನ್ನೊಂದು ಪ್ರಕರಣವನ್ನು ಯಾರೂ ನೆನೆಯುವುದಿಲ್ಲ. ವಿದ್ಯಾರ್ಥಿಯ ದೃಷ್ಟಿಯಿಂದ ಅದೇ ಹೆಚ್ಚು ಮುಖ್ಯ. 1964ರ ಜನವರಿಯಲ್ಲಿ ತೀರ್ಮಾನವಾದ ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಎಂಬ ಮೊಕದ್ದಮೆ ಅದು. ವಿಷಯ ಹೀಗಿತ್ತು. ಸರ್ಕಾರವು ತಾಂತ್ರಿಕ ಶಿಕ್ಷಣ ನಿರ್ದೇಶಕರಿಗೆ ಪತ್ರ ಬರೆದು, ಇಂಜಿನಿಯರಿಂಗ್ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಡಬೇಕೆಂದು ತಿಳಿಸಿತು. ಅಂದರೆ ಐಚ್ಛಿಕ ವಿಷಯಗಳಿಗೆ 300 ಅಂಕವಿದ್ದರೆ ಸಂದರ್ಶನಕ್ಕೆ ಇನ್ನೂ 75. ಆ ಅಂಕವನ್ನು ಯಾವುದಕ್ಕೆ ಕೊಡುವುದು? ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ, ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ.

ಓದುಗರು ಒಂದು ಕ್ಷಣ ಯೋಚಿಸಬೇಕು. ಅಂದಿನ ಅಫಜಲಪುರ ತಾಲ್ಲೂಕಿನ ಹಳ್ಳಿಯೊಂದರಿಂದ, ತೊಗರಿ ಹೊಲದ ಬದುವಿನಿಂದ ಎದ್ದು ಹೋದ ಹುಡುಗ ಗಣಿತದಲ್ಲಿ ನೂರಕ್ಕೆ ತೊಂಬತ್ತು ತೆಗೆಯಬಹುದು. ಚರ್ಚಾಸ್ಪರ್ಧೆಯ ಕಪ್ಪು ಎಲ್ಲಿಂದ ತರಬೇಕು? ಎನ್‌ಸಿಸಿ ಸಮವಸ್ತ್ರ ನೋಡಿರದ ಶಾಲೆಯಿಂದ ಬಂದವನಿಗೆ ‘ವ್ಯಕ್ತಿತ್ವ’ಕ್ಕೆ ಎಷ್ಟು ಅಂಕ? ಸಮಿತಿಯ ಮುಂದೆ ಇಂಗ್ಲಿಷಿನಲ್ಲಿ ಎರಡು ಮಾತು ಆಡಲಾರದೆ ತಲೆ ತಗ್ಗಿಸಿದರೆ ಅದು ಸಂಕೋಚವೆಂದು ಅಳೆಯುತ್ತಾರೋ, ಅಯೋಗ್ಯತೆ ಎಂದು ಅಳೆಯುತ್ತಾರೋ? ಸುಪ್ರೀಂ ಕೋರ್ಟಿನ ಬಹುಮತ ಈ ಪದ್ಧತಿಯನ್ನು ತತ್ತ್ವತಃ ಎತ್ತಿಹಿಡಿಯಿತು. ಸಂದರ್ಶನವೂ ಆಯ್ಕೆಯ ಒಂದು ವಿಧಾನವೇ, ಅದು ದುರುಪಯೋಗವಾದರೆ ಆ ದುರುಪಯೋಗವನ್ನು ಪ್ರಶ್ನಿಸಬೇಕು ಎಂಬುದು ಅದರ ನಿಲುವು. ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಸಂದರ್ಶನದ ಕೋಣೆಯಲ್ಲಿ ನಡೆದದ್ದನ್ನು ಹಳ್ಳಿಯ ತಂದೆ ಹೇಗೆ ಸಾಬೀತು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಉಳಿದೇ ಉಳಿಯಿತು. ಮುಂದೆ 1980ರಲ್ಲಿ ಕಾಶ್ಮೀರದ ಇಂಜಿನಿಯರಿಂಗ್ ಕಾಲೇಜಿಗೆ ಸಂಬಂಧಿಸಿದ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಇಂಥ ಪ್ರವೇಶದಲ್ಲಿ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ತಪ್ಪು ಎಂದಿತು. ಸುಮಾರು ಹದಿನೇಳು ವರ್ಷ ತಡವಾಗಿ.

ಈ ನಡುವೆ ನಮ್ಮ ಊರಿನ ಹತ್ತಿರ ಕಾಲೇಜುಗಳು ಬಂದವು. ಮಹಾದೇವಪ್ಪ ರಾಂಪುರೆ ಅವರ ಮುಂದಾಳ್ತನದಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ, ಅದೇ ವರ್ಷ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಗುಲ್ಬರ್ಗದಲ್ಲಿ ಆರಂಭವಾದವು. ಹಜರತ್ ಖಾಜಾ ಬಂದಾನವಾಜರ ದರ್ಗಾದ ಸಜ್ಜಾದಾನಶೀನರ ನೇತೃತ್ವದ ಖಾಜಾ ಶಿಕ್ಷಣ ಸಂಸ್ಥೆ ಹೆಣ್ಣುಮಕ್ಕಳ ಕಾಲೇಜಿನಿಂದ ಹಿಡಿದು ಇಂಜಿನಿಯರಿಂಗ್, ವೈದ್ಯಕೀಯದವರೆಗೆ ಬೆಳೆಯಿತು. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನರು ಹುಟ್ಟುಹಾಕಿದ ಅಲ್-ಅಮೀನ್ ಸಂಸ್ಥೆ 1984ರಲ್ಲಿ ಬಿಜಾಪುರದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂದು ಧಾರವಾಡದ ಅಲೆದಾಟ ತಪ್ಪಿತು. ಕಟ್ಟಡಗಳು ಹತ್ತಿರವಾದವು. ಪ್ರವೇಶದ ನಿಯಮ ಬರೆಯುವ ಮೇಜು ಮಾತ್ರ ಬೆಂಗಳೂರಿನಲ್ಲೂ ದೆಹಲಿಯಲ್ಲೂ ಉಳಿಯಿತು.

ಆಮೇಲೆ ಬಂದದ್ದು ಹಣದ ಕಾಲ. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಶನ್ ಶುಲ್ಕ ಎಂಬ ಪದ ಕನ್ನಡಿಗರ ನಾಲಿಗೆಗೆ ಹತ್ತಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂದರೂ ಶುಲ್ಕದ ಶ್ರೇಣಿಗಳು ಉಳಿದವು. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ. ಈ 60,000ವನ್ನು ಪ್ರಶ್ನಿಸಿ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರ ತೀರ್ಪು ಕ್ಯಾಪಿಟೇಶನ್ ಶುಲ್ಕವನ್ನು ಅಸಾಂವಿಧಾನಿಕ ಎಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಇನ್ನೂ ಮುಂದೆ ಹೋಗಿ, ಖಾಸಗಿ ಕಾಲೇಜಿನ ಅರ್ಧ ಸೀಟುಗಳು ‘ಫ್ರೀ ಸೀಟು’, ಉಳಿದರ್ಧ ‘ಪೇಮೆಂಟ್ ಸೀಟು’, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕು ಎಂದು ವ್ಯವಸ್ಥೆ ಮಾಡಿತು. ಇದನ್ನೆಲ್ಲ ನಡೆಸಲು 1994ರಲ್ಲಿ ಕರ್ನಾಟಕ ಸರ್ಕಾರ ಸಿಇಟಿ ಘಟಕವನ್ನು ಸ್ಥಾಪಿಸಿತು. ಅದೇ ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ.

ಸಿಇಟಿಯನ್ನು ಬಯ್ಯುವವರು ಬಹಳ. ನಾನು ಹಾಗೆ ಬಯ್ಯಲಾರೆ. ಹಣವಿಲ್ಲದ, ಪರಿಚಯವಿಲ್ಲದ, ಇಂಗ್ಲಿಷ್ ಮಾತು ಬಾರದ ನೂರಾರು ಮಕ್ಕಳಿಗೆ ಸಂದರ್ಶನದ ಕೋಣೆಯಿಂದ ಬಿಡುಗಡೆ ಕೊಟ್ಟದ್ದು ಈ ಪರೀಕ್ಷೆಯೇ. ಓಎಂಆರ್ ಹಾಳೆಗೆ ಯಾರ ಮಗನೆಂದು ಗೊತ್ತಾಗುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತು ಬೆಂಗಳೂರಿನ ಕೌನ್ಸೆಲಿಂಗಿಗೆ ಹೋಗಿ, ದಾಖಲೆಗಳ ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು ಸರದಿಯಲ್ಲಿ ನಿಂತು, ಪರದೆಯ ಮೇಲೆ ಉಳಿದ ಸೀಟುಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನೋಡುತ್ತಾ ತಮ್ಮ ಸರದಿ ಕಾಯ್ದ ತಂದೆಯರು ನಮ್ಮ ಭಾಗದಲ್ಲಿ ಬಹಳ ಜನ ಇದ್ದಾರೆ. ಬರಿಗೈಲಿ ಬಂದವರೂ ಇದ್ದಾರೆ. ಆದರೆ ಎಲ್ಲರ ಕಣ್ಣೆದುರು ಸೀಟು ಹಂಚುವ ವ್ಯವಸ್ಥೆಯೊಂದು ಆಗ ಬಂದದ್ದು ಸಣ್ಣ ಮಾತಲ್ಲ.

ಆದರೆ ಈ ಅಳತೆಗೂ ಒಂದು ಬೆಲೆ ಇತ್ತು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನಮ್ಮ ಮನೆಗಳಲ್ಲಿ ಬಹಳ ಜನರಿಗೆ ಇಂದಿಗೂ ಈ ಲೆಕ್ಕ ಅರ್ಥವಾಗಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿಗೆ ಪಿಯುಸಿಯ ಈ ಮೂರು ವಿಷಯಗಳಲ್ಲಿ 300ಕ್ಕೆ 270 ಬಂದಿದೆ ಎನ್ನೋಣ, ಅಂದರೆ ಶೇ. 90. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180 ಅಂಕ; ಅದರಲ್ಲಿ ಅವಳಿಗೆ 72, ಅಂದರೆ ಶೇ. 40. ಎರಡರ ಸರಾಸರಿ 65. ಇನ್ನೊಬ್ಬಳಿಗೆ ಪಿಯುಸಿಯಲ್ಲಿ 240, ಶೇ. 80, ಸಿಇಟಿಯಲ್ಲಿ 108, ಶೇ. 60. ಸರಾಸರಿ 70. ಊರಿನಲ್ಲಿ ಮಿಠಾಯಿ ಹಂಚಿದ್ದು ಮೊದಲನೆಯವಳ ಮನೆಯಲ್ಲಿ, ರ‍್ಯಾಂಕಿನಲ್ಲಿ ಸಾವಿರಾರು ಸ್ಥಾನ ಮುಂದೆ ಹೋದದ್ದು ಎರಡನೆಯವಳು. ಪಿಯುಸಿ ಪರೀಕ್ಷೆ ಬರೆಯಲು ಮೂರು ಗಂಟೆ ಕುಳಿತು ವಿವರಿಸುವ ಶಕ್ತಿ ಬೇಕು. ಸಿಇಟಿಗೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಸಮಯದಲ್ಲಿ ಒಂದು ಪ್ರಶ್ನೆ ತೀರಿಸುವ ಅಭ್ಯಾಸ ಬೇಕು. ಈ ಎರಡನೆಯದು ಶಾಲೆಯಲ್ಲಿ ಸಿಗಲಿಲ್ಲ, ಕೋಚಿಂಗ್ ತರಗತಿಯಲ್ಲಿ ಸಿಕ್ಕಿತು. ಕೋಚಿಂಗ್ ತರಗತಿ ಅತನೂರಿನಲ್ಲಿರಲಿಲ್ಲ.

ಬೀದರಿನಲ್ಲಿ 1989ರಲ್ಲಿ ಆರಂಭವಾದ ಶಾಹೀನ್ ಶಿಕ್ಷಣ ಸಂಸ್ಥೆ ಈ ಕೊರತೆಯನ್ನು ಬೇಗ ಗುರುತಿಸಿತು. ಅಬ್ದುಲ್ ಖದೀರ್ ಅವರ ಈ ಸಂಸ್ಥೆ ಪಿಯುಸಿ ಪಾಠವನ್ನೂ ಪ್ರವೇಶ ಪರೀಕ್ಷೆಯ ಅಭ್ಯಾಸವನ್ನೂ ಒಂದೇ ಸೂರಿನಡಿ ತಂದು, ಮದರಸಾದಿಂದ ಬಂದ ಹಾಫಿಜ್ ವಿದ್ಯಾರ್ಥಿಗಳನ್ನೂ ಗಣಿತ, ವಿಜ್ಞಾನಕ್ಕೆ ಸಜ್ಜುಗೊಳಿಸಿದ್ದು ನಮ್ಮ ಭಾಗದ ಶಿಕ್ಷಣ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ. ಹಿಂದುಳಿದ ಸೀಮೆಯೊಂದರಲ್ಲಿ ಕುಳಿತೇ ಪರೀಕ್ಷೆಯ ಗುಟ್ಟು ಕಲಿಯಬಹುದೆಂದು ಅದು ತೋರಿಸಿತು.

ಪ್ರಪಂಚದ ಬೇರೆ ಕಡೆಗಳಲ್ಲೂ ಇದೇ ಜಗ್ಗಾಟ ನಡೆದಿದೆ. ಚೀನಾದಲ್ಲಿ ಸಾವಿರದ ಮುನ್ನೂರು ವರ್ಷ ನಡೆದ ರಾಜಸೇವೆಯ ಪರೀಕ್ಷೆಯನ್ನು 1905ರಲ್ಲಿ ನಿಲ್ಲಿಸಲಾಯಿತು. ಅಮೆರಿಕದಲ್ಲಿ 1926ರಲ್ಲಿ ಶುರುವಾದ ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆ ಹುಟ್ಟುಬುದ್ಧಿಯನ್ನೇ ಅಳೆಯುತ್ತದೆ ಎಂದು ಬಹುಕಾಲ ನಂಬಿದ್ದರು. ಅದನ್ನು ರೂಪಿಸಿದ ಕಾರ್ಲ್ ಬ್ರಿಗಮ್ ಬುದ್ಧಿಶಕ್ತಿ ಮತ್ತು ಜನಾಂಗದ ಬಗ್ಗೆ ತಾನು ಹಿಂದೆ ಬರೆದದ್ದಕ್ಕೆ ಆಧಾರವಿಲ್ಲವೆಂದು 1930ರಲ್ಲಿ ತಾನೇ ಒಪ್ಪಿಕೊಂಡ. 2020ರ ಕೊರೋನಾ ಕಾಲದಲ್ಲಿ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಆ ಪರೀಕ್ಷೆಯನ್ನು ಕೈಬಿಟ್ಟವು. ಎಂಐಟಿಯಂಥ ಕೆಲವು 2022ರಲ್ಲಿ ಮತ್ತೆ ತಂದವು. ನೆರೆಯ ತಮಿಳುನಾಡು 2006ರಲ್ಲಿ ಕಾನೂನು ಮಾಡಿ ಪ್ರವೇಶ ಪರೀಕ್ಷೆಯನ್ನೇ ತೆಗೆದುಹಾಕಿ ಹನ್ನೆರಡನೇ ತರಗತಿಯ ಅಂಕಕ್ಕೆ ಮರಳಿತು. ಕರ್ನಾಟಕ ಹಾಗೆ ಮಾಡಲಿಲ್ಲ.

ಕೊರೋನಾ ಕಾಲ ನಮ್ಮಲ್ಲೂ ಈ ಎರಡು ಅಳತೆಗಳ ಸಂಬಂಧವನ್ನು ಬಯಲಿಗೆಳೆಯಿತು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಗಿ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಗಳಿಂದ ಫಲಿತಾಂಶ ಕಟ್ಟಲಾಯಿತು. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕ ಮಾತ್ರ. ಮರುವರ್ಷ ಮತ್ತೆ ಸಿಇಟಿ ಬರೆದ 2021ರ ತಂಡದ ವಿದ್ಯಾರ್ಥಿಗಳ ಪಿಯುಸಿ ಅಂಕವನ್ನು ಪ್ರಾಧಿಕಾರ ಲೆಕ್ಕಕ್ಕೆ ಹಿಡಿಯಲಿಲ್ಲ. ಸುಮಾರು 24,000 ವಿದ್ಯಾರ್ಥಿಗಳ ಪ್ರಶ್ನೆ ಅದು. 2022ರ ಸೆಪ್ಟೆಂಬರ್ 3ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅವರ ಅಂಕವನ್ನೂ ಅರ್ಧರ್ಧ ಸೇರಿಸಬೇಕೆಂದಿತು. ಹಾಗೆ ಸೇರಿಸಿದರೆ ಪರೀಕ್ಷೆ ಬರೆದು ಬಂದ 2022ರ ಮಕ್ಕಳಿಗೆ ಅನ್ಯಾಯ ಎಂಬ ವಾದ ಎದ್ದಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ, ಹಳೆಯ ತಂಡದ ಅಂಕದಿಂದ ಸರಾಸರಿ 6 ಅಂಕ ಕಳೆದು ಸಮ ಮಾಡುವ ಸೂತ್ರ ಒಪ್ಪಿತವಾಯಿತು. ಆರು ಅಂಕ! ಒಂದು ವರ್ಷದ ಅಂಕವೂ ಇನ್ನೊಂದು ವರ್ಷದ ಅಂಕವೂ ಒಂದೇ ತಕ್ಕಡಿಯ ಕಲ್ಲುಗಳಲ್ಲ ಎಂದು ಸರ್ಕಾರವೇ ಲಿಖಿತವಾಗಿ ಒಪ್ಪಿಕೊಂಡಂತಾಯಿತು.

ವೈದ್ಯಕೀಯದ ಕಥೆ ಅಷ್ಟರಲ್ಲಿ ದೆಹಲಿಗೆ ಹೋಗಿತ್ತು. 2002ರ ಟಿ.ಎಂ.ಎ. ಪೈ, 2003ರ ಇಸ್ಲಾಮಿಕ್ ಅಕಾಡೆಮಿ, 2005ರ ಇನಾಮದಾರ್ ತೀರ್ಪುಗಳಲ್ಲಿ ಮೊದಲೆರಡು ನಮ್ಮ ಕರಾವಳಿಯ ಸಂಸ್ಥೆಗಳಿಂದಲೇ ಹುಟ್ಟಿದವು. ಖಾಸಗಿ ಹಾಗೂ ಅಲ್ಪಸಂಖ್ಯಾತ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಎಷ್ಟರಮಟ್ಟಿಗೆ ತಾವೇ ಆರಿಸಬಹುದು ಎಂಬುದು ಅವುಗಳ ತಿರುಳು. ಆ ಚರ್ಚೆಯ ಬಹುಪಾಲನ್ನು ನೀಟ್ ಮುಗಿಸಿಬಿಟ್ಟಿತು. 2013ರಲ್ಲಿ ಒಮ್ಮೆ ರದ್ದಾಗಿ, 2016ರಲ್ಲಿ ಮರಳಿ ಬಂದು, 2017ರಿಂದ ನಮ್ಮ ರಾಜ್ಯದ ಸರ್ಕಾರಿ ಸೀಟುಗಳಿಗೂ ಅದೇ ಪರೀಕ್ಷೆಯಾಯಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ ಎಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2017ರಲ್ಲಿ ಕನ್ನಡದಲ್ಲೂ, 2018ರಿಂದ ಉರ್ದುವಿನಲ್ಲೂ ಪ್ರಶ್ನೆಪತ್ರಿಕೆ ಸಿಗುವಂತಾಯಿತು. ಉರ್ದು ಸೇರಿದ್ದು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆಯೇ.

ನೀಟ್ ವಿಷಯದಲ್ಲಿ ಪಿಯುಸಿ ಅಂಕಕ್ಕೆ ಉಳಿದದ್ದು ಬಾಗಿಲಿನ ಹೊಸ್ತಿಲ ಪಾತ್ರ ಮಾತ್ರ. ಭೌತ, ರಸಾಯನ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಮೀಸಲು ವರ್ಗದವರಿಗೆ ಶೇ. 40 ಇದ್ದರೆ ಸಾಕು. ರ‍್ಯಾಂಕಿಗೆ ಅದು ಸೇರುವುದಿಲ್ಲ. ಇಲ್ಲಿ ಇನ್ನೊಂದು ಗೊಂದಲ ತೀರಾ ಸಾಮಾನ್ಯ. ನೀಟ್ ಅರ್ಹತೆಗೆ ‘50 ಪರ್ಸೆಂಟೈಲ್’ ಎಂದಿರುವುದನ್ನು ನಮ್ಮವರು ಶೇ. 50 ಎಂದು ಓದಿ ಹೆದರುತ್ತಾರೆ. ಪರ್ಸೆಂಟೈಲ್ ಎಂದರೆ ನೂರರಲ್ಲಿ ಎಷ್ಟು ಅಂಕ ಎಂದಲ್ಲ, ಪರೀಕ್ಷೆ ಬರೆದ ನೂರು ಜನರಲ್ಲಿ ಎಷ್ಟು ಜನ ನಿಮಗಿಂತ ಹಿಂದಿದ್ದಾರೆ ಎಂದು. 2022ರಲ್ಲಿ ಸಾಮಾನ್ಯ ವರ್ಗದ 50 ಪರ್ಸೆಂಟೈಲ್ 720ಕ್ಕೆ 117 ಅಂಕಕ್ಕೆ ನಿಂತಿತು, ಅಂದರೆ ಶೇ. 17ಕ್ಕೂ ಕಡಿಮೆ, 2023ರಲ್ಲಿ 137ಕ್ಕೆ. ಹೆದರುವವರ ಇನ್ನೊಂದು ಗುಂಪು ಇದನ್ನು ಕೇಳಿ ‘ಹಾಗಾದರೆ ಪಾಸಾದೆ, ಸೀಟು ಸಿಕ್ಕಿತು’ ಎಂದು ಹಿಗ್ಗುತ್ತದೆ. ಅರ್ಹತೆ ಎಂದರೆ ಸೀಟಲ್ಲ. ಸರ್ಕಾರಿ ಸೀಟು ನಿಲ್ಲುವ ಅಂಕ ಅದಕ್ಕಿಂತ ಬಹಳ ಎತ್ತರದಲ್ಲಿರುತ್ತದೆ. ಈ ಎರಡು ಅಂಕಗಳ ನಡುವಿನ ಅಂತರ ತಿಳಿಯದೆ ಬಡ ಕುಟುಂಬಗಳು ದಲ್ಲಾಳಿಗಳ ಕೈಗೆ ಸಿಕ್ಕಿರುವುದುಂಟು.

ಇನ್ನು ಪ್ರಮಾಣಪತ್ರದ ಕಾಲ. ಇದರ ಮೂಲವೂ ನಿಜಾಮರ ಆಳ್ವಿಕೆಯಲ್ಲೇ ಇದೆ. ಹೊರಗಿನವರು ಬಂದು ಸರ್ಕಾರಿ ನೌಕರಿ ಹಿಡಿಯುತ್ತಾರೆಂಬ ದೂರಿನಿಂದ 1919ರಲ್ಲಿ ಬಂದ ಮುಲ್ಕಿ ನಿಯಮಗಳು ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿದವರನ್ನು ‘ಮುಲ್ಕಿ’ ಎಂದು ಕರೆದು ನೌಕರಿಯಲ್ಲಿ ಆದ್ಯತೆ ಕೊಟ್ಟವು. ಸಂಸ್ಥಾನ ಒಡೆದಾಗ ತೆಲಂಗಾಣದವರು ಆ ಹಕ್ಕಿಗಾಗಿ ಹೋರಾಡಿ 1973ರ ಸಂವಿಧಾನ ತಿದ್ದುಪಡಿಯಿಂದ 371(ಡಿ) ವಿಧಿ ಪಡೆದರು. ಅದೇ ಸಂಸ್ಥಾನದ ನಾವು? ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ ಅತಿ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ನಂತರ 98ನೇ ತಿದ್ದುಪಡಿಯ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. ತೆಲಂಗಾಣಕ್ಕಿಂತ ನಾಲ್ಕು ದಶಕ ತಡವಾಗಿ. ಅದರಂತೆ ಹೊರಟ ಪ್ರವೇಶ ಆದೇಶದಲ್ಲಿ ನಮ್ಮ ಪ್ರದೇಶದ ಸಂಸ್ಥೆಗಳ ಶೇ. 70 ಸೀಟುಗಳು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ಶೇ. 8.

ಈ ಹಕ್ಕು ತಾನಾಗಿ ಕೈಗೆ ಬರುವುದಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವನೂ ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ತರಬೇಕು. ಅದರ ಜೊತೆಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದವರಿಗೆ ಬೇರೊಂದು ಮೀಸಲು ಇವೆ. ಅವಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು. ಮುಸ್ಲಿಮರ ಪ್ರವರ್ಗ 2ಬಿ ಮೀಸಲಾತಿ 1977ರ ದೇವರಾಜ ಅರಸು ಸರ್ಕಾರದ ಆದೇಶದಿಂದ ಹಿಡಿದು 1990ರ ಚಿನ್ನಪ್ಪ ರೆಡ್ಡಿ ಆಯೋಗದ ವರದಿಯನ್ನು ದಾಟಿ, 1995ರಲ್ಲಿ ಶೇ. 4 ಎಂದು ನೆಲೆಗೊಂಡಿತು. 2023ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ತೆಗೆದುಹಾಕಲು ಆದೇಶಿಸಿತು. ಮುಂದಿನ ತಿಂಗಳೇ ಅದನ್ನು ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೇಳಬೇಕಾಯಿತು. ಈ ಮೀಸಲಿಗೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ಬೇಕು, ಅದರ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಅರ್ಜಿಯ ಕೊನೆಯ ದಿನಗಳಲ್ಲಿ ಇದು ನೆನಪಾದರೆ ಪ್ರಯೋಜನವಿಲ್ಲ. ನಮ್ಮವರಿಗೆ ವಿಶೇಷವಾಗಿ ಕಾಡುವುದು ಹೆಸರಿನ ಕಾಗುಣಿತ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಶೇಖ್’, ಆಧಾರ್‌ನಲ್ಲಿ ‘ಶೇಕ್’, ತಂದೆಯ ಜಾತಿ ಪ್ರಮಾಣಪತ್ರದಲ್ಲಿ ಅದೂ ಇಲ್ಲ. ಒಂದು ಅಕ್ಷರಕ್ಕೆ ಒಂದು ಅಫಿಡವಿಟ್ಟು. ಅರವತ್ತು ವರ್ಷದ ಹಿಂದೆ ಸಂದರ್ಶನ ಸಮಿತಿ ಮಾಡುತ್ತಿದ್ದ ಕೆಲಸವನ್ನು ಇಂದು ಈ ಅಕ್ಷರಗಳು ಮಾಡುತ್ತಿವೆ ಎಂದರೆ ಅತಿಶಯೋಕ್ತಿಯಲ್ಲ.

ಕೊನೆಯದಾಗಿ ನಮ್ಮ ಮಗ್ಗುಲಲ್ಲೇ ಇರುವ ಒಂದು ಬಾಗಿಲಿನ ಮಾತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಆಳಂದ ರಸ್ತೆಯ ಬಸ್ಸಿನಿಂದ ಅದರ ಕಟ್ಟಡಗಳು ಕಾಣುತ್ತವೆ. ದಿನವೂ ನೋಡುವ ನಮ್ಮ ಮಕ್ಕಳಲ್ಲಿ ಅನೇಕರು ಅದು ಪಿಯುಸಿ ಅಂಕದ ಮೇಲೆ ಸೇರುವ ಕಾಲೇಜೆಂದೇ ತಿಳಿದಿದ್ದಾರೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದಿಂದ ನಡೆಯುತ್ತದೆ. ಪಿಯುಸಿ ಅಂಕ ಅಲ್ಲೂ ಹೊಸ್ತಿಲು ಮಾತ್ರ. ಪರೀಕ್ಷೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ರಾಜ್ಯದ 2ಬಿ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ, ಅದು ಬೇರೆ ಕಾಗದ. ಅರ್ಜಿ ಹಾಕಬೇಕಾದದ್ದು ಪಿಯುಸಿ ಫಲಿತಾಂಶ ಬರುವುದಕ್ಕೂ ಮೊದಲು, ಆನ್‌ಲೈನಿನಲ್ಲಿ. ಫಲಿತಾಂಶ ಕೈಯಲ್ಲಿ ಹಿಡಿದು ಜೂನ್ ತಿಂಗಳಲ್ಲಿ ಕಡಗಂಚಿಯ ಗೇಟಿನ ಬಳಿ ಇಳಿದು ಫಾರ್ಮ್ ಕೇಳುವವರು ಆ ವೇಳೆಗಾಗಲೇ ತಡವಾಗಿರುತ್ತಾರೆ.